ಎರಡಕ್ಷರದ ಬೆನ್ನುಹತ್ತಿದ ಚಾರುಲತಾ

ಗಣಿಯ ಕಚೇರಿಯಲ್ಲಿ ಇನ್ನೂ ಟ್ಯೂಬ್‌ಲೈಟ್ ಉರಿಯುತ್ತಿದೆ. ಹೊರಗೆ ಬೆಳಕು ಹರಿದಿಲ್ಲ. ಸಾವನೇರಿನ ಡಿಸೆಂಬರ್ ಚಳಿ ಕಿಟಕಿಯ ಸಂದಿಯಿಂದ ಒಳಗೆ ನುಗ್ಗುತ್ತಿದೆ. ಸೀರೆಯ ಮೇಲೆ ಗಂಡಸರ ಸ್ವೆಟರ್ ತೊಟ್ಟು, ಕಿವಿಗೆ ಮಫ್ಲರ್ ಸುತ್ತಿಕೊಂಡ ಹೆಂಗಸೊಬ್ಬರು ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಒಂದು ಕೈಯಲ್ಲಿ ಕಲ್ಲಿದ್ದಲಿನ ಮಸಿ ಮೆತ್ತಿದ ಚೀಟಿ. ಇನ್ನೊಂದು ಕೈಯಲ್ಲಿ ಟೆಲಿಫೋನ್. ಆ ಟೆಲಿಫೋನಿನ ಇನ್ನೊಂದು ತುದಿ ಇರುವುದು ನೆಲದಡಿಯಲ್ಲಿ.

“ಎಸ್.ಪಿ. ಅಂತ ಬರದೀರಿ ಭಯ್ಯಾ. ಸ್ಯಾಂಡ್ ಪ್ಯಾಕಿಂಗೋ, ಸಪೋರ್ಟ್ ಪೆಂಡಿಂಗೋ?”

“ಇಷ್ಟೂ ತಿಳಿಯೋದಿಲ್ಲೇನು ದೀದಿ?” ಆ ಕಡೆಯ ದನಿಯಲ್ಲಿ ರಾತ್ರಿಪಾಳಿಯ ದಣಿವಿದೆ.

“ನನಗ ತಿಳಿದ್ರ ಏನ್ ಉಪಯೋಗ? ಕೆಳಗ ಇಳಿಯೋವ್ರಿಗೆ ತಿಳೀಬೇಕಲ್ಲ. ಜಲ್ದಿ ಹೇಳ್ರಿ.”

“ಸಪೋರ್ಟ್ ಪೆಂಡಿಂಗ್.”

ಪರದೆಯ ಮೇಲೆ ಕೆಂಪಗೆ ಕೂತಿದ್ದ ಎರಡಕ್ಷರ ನೀಲಿಯಾಗುತ್ತದೆ. ಅದರ ಅಡಿಯಲ್ಲಿ ಹಿಂದಿಯಲ್ಲಿ ಒಂದು ಸಾಲು ಮೂಡುತ್ತದೆ: ಛಾವಣಿಗೆ ಕಂಬ ಕೊಡುವುದು ಬಾಕಿ ಇದೆ. ಪ್ರಿಂಟರ್ ಕರಕರ ಎನ್ನುತ್ತ ಹಾಳೆ ಉಗುಳುತ್ತದೆ. ಇನ್ನು ಸ್ವಲ್ಪ ಹೊತ್ತಿಗೆ ಮೊದಲ ಪಾಳಿಯವರು ಆ ಹಾಳೆಯನ್ನು ಜೇಬಿಗಿಳಿಸಿ, ತಲೆಗೆ ದೀಪ ಕಟ್ಟಿಕೊಂಡು, ಇಳಿಜಾರು ಸುರಂಗದಲ್ಲಿ ಮಾಯವಾಗುತ್ತಾರೆ. ಫೋನಿಟ್ಟ ಚಾರುಲತಾ ಮುದಗಲ್ ಅಂಗೈ ಉಜ್ಜಿಕೊಂಡು ಮುಂದಿನ ಚೀಟಿಗೆ ಕೈ ಹಾಕುತ್ತಾರೆ.

ನಾಗಪುರ ಜಿಲ್ಲೆಯ ಸಾವನೇರ್ ತಾಲ್ಲೂಕಿನ ಈ ಕಲ್ಲಿದ್ದಲ ಗಣಿಯ ಕಾಗದಪತ್ರಗಳಲ್ಲಿ ಚಾರುಲತಾ ಅವರ ಹುದ್ದೆಯ ಹೆಸರು ಕಂಪ್ಯೂಟರ್ ಆಪರೇಟರ್. ಮೂವತ್ತೈದರ ಆಸುಪಾಸಿನ ಅವರು ನಾಗಪುರದ ಮಾನಕಾಪುರದಲ್ಲಿ ತಾಯಿಯೊಂದಿಗೆ ಇದ್ದಾರೆ. ಕೋಳಿ ಕೂಗುವ ಹೊತ್ತಿಗೆ ಕಂಪನಿಯ ಬಸ್ಸು ಹಿಡಿಯುತ್ತಾರೆ. ನೆಲದಡಿಯ ಮೇಲ್ವಿಚಾರಕರು, ಅಂದರೆ ಓವರ್‌ಮನ್‌ಗಳು, ಪಾಳಿ ಮುಗಿಸುವ ಮುನ್ನ ಎಲ್ಲಿ ಏನು ಕೆಲಸವಾಯಿತು, ಎಲ್ಲಿ ಅಪಾಯವಿದೆ ಎಂದು ಗೀಚಿ ಕಳಿಸುವ ಚೀಟಿಗಳನ್ನು ಟೈಪ್ ಮಾಡಿ, ಮುಂದಿನ ಪಾಳಿಯವರ ಕೈಗಿಡುವುದು ಅವರ ಕೆಲಸ. ಕೇಳಿದರೆ ಇಷ್ಟೇ ಎನಿಸುತ್ತದೆ. ಆದರೆ ಆ ಚೀಟಿಗಳಲ್ಲಿ ಅರ್ಧಕ್ಕರ್ಧ ಅಕ್ಷರಗಳದ್ದೇ ಕಾರುಬಾರು. ಕತ್ತಲಲ್ಲಿ, ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು, ತಲೆದೀಪದ ಬೆಳಕಿನಲ್ಲಿ ಬರೆಯುವವರು ಪೂರ್ತಿ ಮಾತು ಬರೆಯುವುದೆಲ್ಲಿ ಬಂತು? ಹಾಗಾಗಿ ದಿನಕ್ಕೆ ನೂರರ ಹತ್ತಿರ ಇಂಥ ಮೊಟಕು ಮಾತುಗಳು ಅವರ ಮೇಜಿಗೆ ಬರುತ್ತವೆ. ಒಂದೊಂದಕ್ಕೂ ಅದರ ಪೂರ್ತಿ ಅರ್ಥವನ್ನು ತಾನಾಗಿಯೇ ಜೋಡಿಸುವ ಪ್ರೋಗ್ರಾಮನ್ನು ಬರೆದವರು ಚಾರುಲತಾ. ಅದು ತಪ್ಪು ಅರ್ಥ ಜೋಡಿಸಿದ ಒಂದು ಬೆಳಗಿನಲ್ಲಿ ಓಡಿದವರೂ ಅವರೇ.

ತಂದೆ ಮಧ್ವೇಶ ಮುದಗಲ್ ರಾಯಚೂರು ಕಡೆಯವರು. ಗಣಿಗಳ ನಕಾಶೆ ಬರೆಯುವ ಕೆಲಸ ಹಿಡಿದು ನಾಗಪುರಕ್ಕೆ ಬಂದು ಇಲ್ಲಿಯವರೇ ಆದರು. ಎಂಬತ್ತೊಂಬತ್ತರ ಬೇಸಿಗೆಯಲ್ಲಿ ಕಾಮಾಲೆ ಅವರನ್ನು ಹದಿನೈದು ದಿನದಲ್ಲಿ ಎತ್ತಿಕೊಂಡು ಹೋಯಿತು. ಆಗ ಚಾರುಲತಾ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದರು. ಓದು ಅಲ್ಲಿಗೇ ನಿಂತಿತು. ಅನುಕಂಪದ ಮೇಲೆ ಸಿಕ್ಕಿದ ನೌಕರಿ ಗಣಿಯ ದೀಪದ ಕೋಣೆಯಲ್ಲಿ. ಕೆಳಗಿಳಿಯುವ ಪ್ರತಿಯೊಬ್ಬನಿಗೂ ಕಿಟಕಿಯಿಂದ ತಲೆದೀಪ ಕೊಡಬೇಕು, ಹತ್ತಿ ಬಂದಾಗ ತಿರುಗಿ ಪಡೆದು ಕೊಕ್ಕೆಗೆ ತೂಗುಹಾಕಬೇಕು.

“ಮೊದಲನೇ ತಿಂಗಳು ಬರೇ ಅಳೋದಾತು,” ಎನ್ನುತ್ತಾರೆ ಅವರು. “ಸುತ್ತಮುತ್ತ ಒಬ್ಬ ಹೆಂಗಸಿಲ್ಲ. ಹಿಂದಿ ಬರ್ತಿತ್ತು, ಮರಾಠಿನೂ ಬರ್ತಿತ್ತು, ಆದ್ರ ಗಣಿ ಮಂದಿ ಭಾಷಾನೇ ಬ್ಯಾರೆ. ಆಮ್ಯಾಲೆ ಎಲ್ಲಾರ ಹೆಸರು ಗೊತ್ತಾದವು, ಮಾರಿ ಗೊತ್ತಾದವು. ಪಾಳಿ ಮುಗದ ಮ್ಯಾಲೂ ಒಂದು ಕೊಕ್ಕೆ ಖಾಲಿ ಇತ್ತು ಅಂದ್ರ ಜೀವ ಝಲ್ ಅನ್ನೋದು. ಯಾರಪ್ಪ ಅವ, ಯಾಕ ಇನ್ನೂ ಬಂದಿಲ್ಲ ಅಂತ.”

ತೊಂಬತ್ತೇಳರಲ್ಲಿ ಗಣಿಗೆ ಕಂಪ್ಯೂಟರ್ ಬಂತು. ಬಂದದ್ದು ಹೌದು, ಆದರೆ ಹೊದಿಸಿದ ಬಟ್ಟೆಯನ್ನು ತೆಗೆಯಲು ಯಾರಿಗೂ ಧೈರ್ಯವಿಲ್ಲ. ಮ್ಯಾನೇಜರ್ ಉಮಾಕಾಂತ ಬೋಂದ್ರೆ ಒಂದು ದಿನ ದೀಪದ ಕೋಣೆಯ ಕಿಟಕಿಗೆ ಬಂದು, “ನಿನಗೆ ಟೈಪಿಂಗ್ ಬರುತ್ತಂತಲ್ಲ?” ಎಂದರು. ಹಾಗೆ ಚಾರುಲತಾ ಕಿಟಕಿಯ ಈಚೆಗೆ ಬಂದರು.

ಟೈಪ್ ಮಾಡುವುದೇನೋ ಸಲೀಸಾಯಿತು. ಕಷ್ಟ ಶುರುವಾದದ್ದು ಓದುವವರಿಗೆ. ಮೊದಲ ಪಾಳಿಯ ಸರದಾರ ಗೋವಿಂದ ಉಯಿಕೆ ಹಾಳೆ ಹಿಡಿದು ದಿನವೂ ಬಾಗಿಲಿಗೆ ಬರುತ್ತಿದ್ದರು. ಗಣಿಯಲ್ಲಿ ಸರದಾರನೆಂದರೆ ಕೂಲಿಯವರಿಗಿಂತ ಮುಂಚೆ ಒಳಗೆ ಹೋಗಿ, ಜಾಗ ಸುರಕ್ಷಿತವೋ ಅಲ್ಲವೋ ನೋಡಿ, ಆಮೇಲೆ ಜನರನ್ನು ಕರೆಯುವವನು. ಗೋವಿಂದ ಹಿಂದಿಯನ್ನು ಚೆನ್ನಾಗಿ ಓದಬಲ್ಲರು. ಇಂಗ್ಲಿಷಿನ ಬಿಡಿ ಅಕ್ಷರಗಳು ಅವರಿಗೆ ಕಗ್ಗಂಟು. ‘ಇದೇನು, ಇದೇನು’ ಎಂದು ಅವರು ಕೇಳುವುದು, ಇವರು ಹೇಳುವುದು, ಅಷ್ಟರಲ್ಲಿ ಪಾಳಿಗೆ ಹೊತ್ತಾಗುವುದು. ಈ ಅರ್ಥಗಳು ಹಾಳೆಯಲ್ಲೇ ತಾವಾಗಿ ಬಂದುಬಿಟ್ಟರೆ ಎಂಬ ಯೋಚನೆ ಹುಟ್ಟಿದ್ದು ಹೀಗೆ.

ಹಾದಿ ತೋರಿಸಿದವರು ಉತ್ತಪ್ಪ. ಕಾಮಠಿಯಲ್ಲಿ ಸೈನ್ಯದ ಸಿಗ್ನಲ್ ವಿಭಾಗದಿಂದ ನಿವೃತ್ತರಾಗಿ, ಊರಿಗೆ ಮರಳದೆ, ನಾಗಪುರದ ಸೀತಾಬರ್ಡಿಯ ಒಂದು ಮಹಡಿಯ ಮೇಲೆ ಕಂಪ್ಯೂಟರ್ ಕ್ಲಾಸು ನಡೆಸುವ ಕೊಡಗಿನ ಮನುಷ್ಯ. ಚಾರುಲತಾ ಸಂಜೆ ಬಸ್ಸಿಳಿದು ನೇರವಾಗಿ ಅಲ್ಲಿಗೆ ಹೋಗುತ್ತಿದ್ದರು.

“ಸೈನ್ಯದಲ್ಲಿ ನಾವು ಹೆಂಡತಿಗೆ ಕಾಗದ ಬರೆದರೂ ಅರ್ಧ ಮಾತು ಮೊಟಕು ಮಾಡ್ತಿದ್ವಿ,” ಎಂದು ಉತ್ತಪ್ಪ ನಗುತ್ತಾರೆ. “ಈ ಹುಡುಗಿ ಬಂದು ಸಮಸ್ಯೆ ಹೇಳಿದಾಗ ನಂಗೆ ತಕ್ಷಣ ಅರ್ಥವಾಯ್ತು. ಆದರೆ ಪ್ರೋಗ್ರಾಮ್ ಬರೆದದ್ದು ನಾನಲ್ಲ, ಅವಳೇ. ತಪ್ಪಾಗಿದೆ ಅಂದರೆ ಅಳ್ತಿರಲಿಲ್ಲ. ಎಲ್ಲಿ ತಪ್ಪು ಅಂತ ಕೇಳ್ತಿದ್ಲು.”

ತೊಂಬತ್ತೊಂಬತ್ತರ ಮಳೆಗಾಲದ ಹೊತ್ತಿಗೆ ಪ್ರೋಗ್ರಾಮ್ ನಡೆಯತೊಡಗಿತು. ಚೀಟಿ ಟೈಪ್ ಮಾಡುತ್ತಿದ್ದಂತೆ ಕಂಪ್ಯೂಟರೇ ಮೊಟಕು ಅಕ್ಷರಗಳನ್ನು ಗುರುತಿಸಿ ಅಡಿಗೆರೆ ಎಳೆಯುತ್ತಿತ್ತು. ಆ ಗೆರೆಯ ಮೇಲೆ ಒತ್ತಿದರೆ ಅರ್ಥ ತೆರೆಯುತ್ತಿತ್ತು. ಅಚ್ಚಾದ ಹಾಳೆಯಲ್ಲಿ ಪ್ರತಿ ಸಾಲಿನ ಕೆಳಗೂ ಹಿಂದಿಯಲ್ಲಿ ವಿವರ ಬರುತ್ತಿತ್ತು. ಗೋವಿಂದ ಬಾಗಿಲಿಗೆ ಬರುವುದು ನಿಂತಿತು. ಒಂದೆರಡು ವರ್ಷ ಎಲ್ಲವೂ ಬರೋಬರ್.

ಎರಡು ಸಾವಿರದ ಒಂದರ ಜನವರಿಯಲ್ಲಿ ಶಿವಪ್ರಸಾದ್ ಸಾಹು ಎಂಬ ಓವರ್‌ಮನ್ ಛತ್ತೀಸ್‌ಗಢದ ಬೇರೊಂದು ಗಣಿಯಿಂದ ವರ್ಗವಾಗಿ ಬಂದರು. ಹಳೆಯ ಹುಲಿ, ಗಣಿಯ ಕೆಲಸದಲ್ಲಿ ಪಳಗಿದವರು. ಬಂದ ವಾರದಲ್ಲೇ ಅವರಿಗೆ ರಾತ್ರಿಪಾಳಿ. ಒಂದು ಬೆಳಗ್ಗೆ ಅವರು ಕಳಿಸಿದ ಚೀಟಿಯಲ್ಲಿ ಉತ್ತರದ ಸುರಂಗದ ಕೊನೆಯ ಜಾಗದ ಹೆಸರು ಬರೆದು, ಮುಂದೆ ‘ಆರ್.ಡಿ.’ ಎಂದಿತ್ತು. ಚಾರುಲತಾ ಟೈಪ್ ಮಾಡಿದರು. ಕಂಪ್ಯೂಟರ್ ಅಡಿಗೆರೆ ಎಳೆದು ತನಗೆ ಗೊತ್ತಿದ್ದ ಅರ್ಥವನ್ನು ಜೋಡಿಸಿತು. ಈ ಗಣಿಯಲ್ಲಿ ಆರ್.ಡಿ. ಅಂದರೆ ‘ರೂಫ್ ಡ್ರೆಸ್ಡ್’. ಛಾವಣಿಯಲ್ಲಿ ಸಡಿಲವಾಗಿದ್ದ ಕಲ್ಲನ್ನೆಲ್ಲ ಕೆಡವಿ ಶುಚಿ ಮಾಡಿದೆ, ಭಯವಿಲ್ಲ, ಹೋಗಬಹುದು ಎಂದರ್ಥ.

ಹಾಳೆ ಗೋವಿಂದರ ಕೈ ಸೇರಿತು. ಗೋವಿಂದ ಮತ್ತು ಅವರ ಹಿಂದೆ ಡ್ರಿಲ್ ಹೊತ್ತ ಆರು ಜನ ಕೆಳಗಿಳಿದರು.

ಚಹಾದ ಲೋಟ ಹಿಡಿದು, ಹಾಳೆಯ ಇನ್ನೊಂದು ಪ್ರತಿಯನ್ನು ಮತ್ತೊಮ್ಮೆ ಓದುವುದು ಚಾರುಲತಾ ಅವರ ರೂಢಿ. ಅಂದೂ ಓದಿದರು. ಆರ್.ಡಿ. ಎಂಬ ಸಾಲಿನ ಕೆಳಗಿನ ಸಾಲಿನಲ್ಲಿ ಸಾಹು ಇನ್ನಷ್ಟು ಕಂಬಗಳನ್ನು ಕೇಳಿದ್ದರು. ಚಾರುಲತಾ ಲೋಟ ಕೆಳಗಿಟ್ಟರು.

“ಛಾವಣಿ ಶುಚಿ ಆಗಿದ್ರ ಕಂಬ ಯಾಕ ಬೇಕು? ಬೇಕೂ ಆಗಿರಬಹುದು. ನನಗೇನ್ ಗೊತ್ತು, ನಾ ಕೆಳಗ ಇಳಿದಾಕಿ ಅಲ್ಲ. ಆದ್ರ ಎರಡೂ ಸಾಲು ಒಂದಕ್ಕೊಂದು ಕೂಡವಲ್ಲವು ಅಂತ ಅನ್ನಿಸ್ತು. ಕೇಳಿದ್ರ ಏನ್ ಹೋಗ್ತದ ಅಂತ ಎದ್ದೆ.”

ಸಾಹು ಸ್ನಾನದ ಮನೆಯಿಂದ ಹೊರಟು, ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು, ಬಸ್ಸಿನ ಕಡೆ ನಡೆಯುತ್ತಿದ್ದರು. ಚಾರುಲತಾ ಅಂಗಳದ ಆಚೆಯಿಂದಲೇ ಕೂಗಿದರು. “ಸಾಹುಜೀ, ಆರ್.ಡಿ. ಅಂದ್ರೇನು?”

“ರೂಫ್ ಡ್ರಮ್ಮಿ,” ಎಂದರು ಸಾಹು, ಇದೂ ಒಂದು ಪ್ರಶ್ನೆಯೇ ಎಂಬಂತೆ.

ಛಾವಣಿಯನ್ನು ಕೋಲಿನಿಂದ ಬಡಿದಾಗ ಗಟ್ಟಿ ಕಲ್ಲಿನ ಸದ್ದು ಬರಬೇಕು. ಡ್ರಮ್ಮಿನ ಹಾಗೆ ಟೊಳ್ಳು ಸದ್ದು ಬಂದರೆ, ಮೇಲಿನ ಬಂಡೆ ಒಳಗೇ ಬಿಟ್ಟುಕೊಂಡಿದೆ, ಯಾವ ಗಳಿಗೆಯಲ್ಲಾದರೂ ಬೀಳಬಹುದು ಎಂದು ಅರ್ಥ. ಸಾಹು ಇದ್ದ ಗಣಿಯಲ್ಲಿ ಆ ಎರಡಕ್ಷರಕ್ಕೆ ಅದೊಂದೇ ಅರ್ಥ. ಅವರು ಎಚ್ಚರಿಕೆಯೆಂದು ಬರೆದದ್ದು ಹಾಳೆಯಲ್ಲಿ ಅಭಯವಾಗಿ ಅಚ್ಚಾಗಿತ್ತು.

ಚಾರುಲತಾ ತಿರುಗಿ ಓಡಿದರು. ಸಾಹುವೂ ಹಿಂದೆಯೇ ಓಡಿದರು. ಉತ್ತರದ ಸುರಂಗದ ಫೋನು ಬಡಿದುಕೊಂಡಿತು, ಯಾರೂ ಎತ್ತಲಿಲ್ಲ. ಮತ್ತೆ ತಿರುಗಿಸಿದರು. ಇಲ್ಲ. ಮೂರನೆಯ ಸಲ ಇಳಿಜಾರಿನ ಬುಡದ ಫೋನಿಗೆ ಹಚ್ಚಿದರು. ಅಲ್ಲಿ ಹಗ್ಗದ ಗಾಡಿಗೆ ಸಿಗ್ನಲ್ ಕೊಡುವ ಬಾಬು ಎತ್ತಿದ.

“ಬಾಬು, ಗೋವಿಂದ್‌ಭಾವು ಎಲ್ಲಿ?”

“ಈಗಷ್ಟೇ ದಾಟಿ ಹೋದರು ದೀದಿ.”

“ಓಡು! ಹೋಗಿ ನಿಂದ್ರಿಸು. ಛಾವಣಿ ಟೊಳ್ಳದ ಅಂತ ಹೇಳು. ಹಾಳೆ ತಪ್ಪದ ಅಂತ ಹೇಳು!”

ಆಮೇಲೆ ಕಾಯುವುದೊಂದೇ ಉಳಿಯಿತು. ಸಾಹು ಬೆಂಚಿನ ಮೇಲೆ ಕುಸಿದು ಕೂತರು. ಬೋಂದ್ರೆ ಸಾಹೇಬರು ಬಂದು ಏನಾಯಿತೆಂದು ಕೇಳಿ, ಹೆಲ್ಮೆಟ್ ಹಾಕಿಕೊಂಡು ಸುರಂಗದ ಕಡೆ ನಡೆದರು. ಚಾರುಲತಾ ಫೋನಿನ ಮೇಲೆ ಕೈಯಿಟ್ಟು ನಿಂತೇ ಇದ್ದರು. “ಎಷ್ಟು ಹೊತ್ತಾತೋ ಗೊತ್ತಿಲ್ರಿ. ರಾಯರ ಹೆಸರು ಹೇಳಬೇಕಂದ್ರ ಅದೂ ಬಾಯಿಗೆ ಬರವಲ್ದು. ಬರೇ ಆರ್.ಡಿ., ಆರ್.ಡಿ. ಅಂತ ತಲ್ಯಾಗ ಬಡೀಲಿಕತ್ತಿತ್ತು.”

ಫೋನು ಹೊಡೆದುಕೊಂಡಿತು. ಬಾಬುವಿನ ದನಿ ಏದುಸಿರಿನಲ್ಲಿ ಒಡೆಯುತ್ತಿತ್ತು. “ನಿಂತರು ದೀದಿ. ಎಲ್ಲರೂ ಈಚೆಗೇ ಇದ್ದಾರೆ.”

ಚಾರುಲತಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಅತ್ತರೋ ನಕ್ಕರೋ ಅವರಿಗೆ ನೆನಪಿಲ್ಲ. ಸಾಹು ತಮ್ಮ ಟವೆಲ್ ತೆಗೆದು ಅವರಿಗೆ ಕೊಟ್ಟರಂತೆ, ಅದಂತೂ ನೆನಪಿದೆ. “ಒದ್ದಿ ಟವೆಲ್ ಅದು. ಅದರಾಗೇ ಮಾರಿ ಒರಸಿಕೊಂಡೆ.”

ಗೋವಿಂದ ದೂರದಲ್ಲೇ ನಿಂತು, ಉದ್ದನೆಯ ಕೋಲಿನಿಂದ ಛಾವಣಿಯನ್ನು ಬಡಿದು ನೋಡಿದರು. ಟೊಳ್ಳು. ಮಧ್ಯಾಹ್ನದೊಳಗೆ ಗಟ್ಟಿ ಛಾವಣಿಯ ಆಶ್ರಯದಲ್ಲಿ ನಿಂತು ಹಾರೆಗಳಿಂದ ಆ ಬಂಡೆಯನ್ನು ಕೆಡವಿದರು. ಬಿದ್ದದ್ದು ಎತ್ತಿನ ಗಾಡಿಯಷ್ಟು ಅಗಲವಿತ್ತು. ಸದ್ದು ಇಳಿಜಾರಿನ ಬುಡದವರೆಗೂ ಕೇಳಿಸಿತೆಂದು ಬಾಬು ಹೇಳುತ್ತಾನೆ.

“ಹಾಳೆ ಏನೇ ಹೇಳಲಿ, ನಾನು ಬಡಿದು ನೋಡೇ ನೋಡ್ತಿದ್ದೆ. ಅದು ನನ್ನ ಕೆಲಸ,” ಎನ್ನುತ್ತಾರೆ ಗೋವಿಂದ. ಈಗ ಅವರ ಮೀಸೆ ಪೂರ್ತಿ ಬೆಳ್ಳಗಾಗಿದೆ. “ಆದರೆ ಎಲ್ಲಿ ನಿಂತು ಬಡೀತಿದ್ದೆ? ಶುಚಿಯಾಗಿದೆ ಅಂತ ಬರೆದಿತ್ತು. ಸೀದಾ ಅದರ ಕೆಳಗೇ ಹೋಗಿ ನಿಲ್ತಿದ್ದೆ. ಮಾತು ಇರೋದು ಅಲ್ಲೇ.”

ಅಂದು ಸಂಜೆ ಚಾರುಲತಾ ಪ್ರೋಗ್ರಾಮನ್ನು ಕಂಪ್ಯೂಟರಿನಿಂದ ತೆಗೆದುಹಾಕಿದರು. ಇನ್ನು ಅದರ ಸಹವಾಸ ಬೇಡವೆಂದು ಪ್ರತಿ ಮಾತನ್ನೂ ಕೈಯಾರೆ ಬಿಡಿಸಿ ಟೈಪ್ ಮಾಡತೊಡಗಿದರು. ಹಾಳೆ ತಡವಾಗತೊಡಗಿತು. ಕೆಲವರು ಅರ್ಧಂಬರ್ಧ ಹಾಳೆ ಹಿಡಿದೇ ಇಳಿದರು. ಬೋಂದ್ರೆ ವಿಚಾರಣೆ ನಡೆಸಿದರು, ಆದರೆ ಯಾರತ್ತಲೂ ಬೆರಳು ತೋರಿಸಲಿಲ್ಲ. “ತಪ್ಪು ಯಾರದು ಅಂತ ಹಿಡಿದು ಹೊಡೆದರೆ ನಾಳೆಯಿಂದ ಯಾರೂ ಚೀಟಿಯನ್ನೇ ಬರೆಯೋದಿಲ್ಲ,” ಎನ್ನುವುದು ಅವರ ಮಾತು.

ಬಿಕ್ಕಟ್ಟು ಬಿಡಿಸಿದ್ದು ಗೋವಿಂದ. ವಾರ ಕಳೆದ ಮೇಲೆ ಬಾಗಿಲಿಗೆ ಬಂದು ನಿಂತರು. “ದೀದಿ, ಯಂತ್ರವನ್ನ ಯಾಕೆ ಕೆಲಸದಿಂದ ತೆಗೆದಿರಿ? ಹೊಸ ಹುಡುಗ ಕೆಲಸಕ್ಕೆ ಬಂದರೆ ನಾವು ಏನು ಹೇಳ್ತೀವಿ? ಗೊತ್ತಿಲ್ಲದಿದ್ದರೆ ಕೇಳು ಅಂತೀವಿ. ಅದಕ್ಕೂ ಅಷ್ಟೇ ಕಲಿಸಿ.”

ಆ ಭಾನುವಾರ ಚಾರುಲತಾ ಸೀತಾಬರ್ಡಿಯ ಮಹಡಿ ಹತ್ತಿದರು. ಉತ್ತಪ್ಪನವರ ಜೊತೆ ಕೂತು ಪ್ರೋಗ್ರಾಮನ್ನು ಬುಡದಿಂದ ತಿದ್ದಿದರು. ಈಗ ಅದು ಅಕ್ಷರವನ್ನಷ್ಟೇ ನೋಡುವುದಿಲ್ಲ, ಬರೆದವರು ಯಾರೆಂದೂ ನೋಡುತ್ತದೆ. ಒಂದು ಮೊಟಕು ಮಾತಿಗೆ ಎರಡು ಅರ್ಥಗಳಿದ್ದರೆ, ಅಥವಾ ಬರೆದವರು ಹೊಸಬರಾಗಿದ್ದರೆ, ತಾನಾಗಿ ಯಾವುದನ್ನೂ ಜೋಡಿಸುವುದಿಲ್ಲ. ಅಕ್ಷರ ಕೆಂಪಗೆ ನಿಲ್ಲುತ್ತದೆ. ಬರೆದವರನ್ನೇ ಕೇಳಿ ಉತ್ತರ ತುಂಬುವ ತನಕ ಹಾಳೆ ಅಚ್ಚಾಗುವುದಿಲ್ಲ. ವರ್ಗವಾಗಿ ಬಂದ ಪ್ರತಿ ಓವರ್‌ಮನ್ ಮೊದಲ ದಿನ ಚಾರುಲತಾ ಅವರ ಎದುರು ಕೂತು, ಚಹಾ ಕುಡಿಯುತ್ತ, ತನ್ನ ಮೊಟಕು ಮಾತುಗಳನ್ನೆಲ್ಲ ಬಿಡಿಸಿ ಹೇಳಬೇಕು.

ಇದು ಎಲ್ಲರಿಗೂ ರುಚಿಸಲಿಲ್ಲ. ದೀದಿಗೆ ಇಂಗ್ಲಿಷ್ ಬರುವುದಿಲ್ಲ, ಅದಕ್ಕೇ ಫೋನ್ ಮಾಡಿ ಪ್ರಾಣ ತಿನ್ನುತ್ತಾಳೆ ಎಂದು ಕೆಲವರು ಆಡಿಕೊಂಡರು. ಮೇಲಿನ ಕಚೇರಿಯಿಂದ ಬಂದ ಅಧಿಕಾರಿಯೊಬ್ಬರು, ಈ ಕೆಂಪಿನ ರಗಳೆ ಯಾಕೆ, ಹೆಚ್ಚು ಸಲ ಬರುವ ಅರ್ಥವನ್ನೇ ಕಂಪ್ಯೂಟರ್ ಹಾಕಿಬಿಡಲಿ, ಹೊತ್ತು ಉಳಿಯುತ್ತದೆ ಎಂದರು. ಚಾರುಲತಾ ಎದ್ದು ನಿಂತು, ಅದೊಂದನ್ನು ಮಾತ್ರ ಮಾಡಲಾರೆ ಎಂದರು. ಬೋಂದ್ರೆಯವರು ಚಾರುಲತಾ ಬೆನ್ನಿಗೆ ನಿಂತರು. ಕೆಂಪು ಉಳಿಯಿತು.

ಅವರ ಪರವಾಗಿ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡುವವರು ಈಗ ಸಾಹು. ಫೋನ್ ಬಂದರೆ ಗೊಣಗುವವರನ್ನು ಕಂಡರೆ ಅವರಿಗಾಗುವುದಿಲ್ಲ. “ನನಗೆ ಅವತ್ತು ನಿದ್ದೆ ಬಂದದ್ದು ಆಕೆಯ ಒಂದು ಪ್ರಶ್ನೆಯಿಂದ. ಇಲ್ಲದಿದ್ದರೆ ಏಳು ಮನೆಯ ಬಾಗಿಲಿಗೆ ನಾನು ಹೋಗಿ ನಿಲ್ಲಬೇಕಿತ್ತು,” ಎನ್ನುತ್ತಾರೆ. ಅವರ ಚೀಟಿಯಲ್ಲಿ ಈಗ ಒಂದೂ ಮೊಟಕು ಮಾತಿಲ್ಲ. ಎಲ್ಲವೂ ದಪ್ಪಕ್ಷರದಲ್ಲಿ, ಪೂರ್ತಿ.

ಸುತ್ತಲಿನ ಎರಡು ಗಣಿಗಳು ಫ್ಲಾಪಿಯಲ್ಲಿ ಈ ಪ್ರೋಗ್ರಾಮನ್ನು ತುಂಬಿಸಿಕೊಂಡು ಹೋಗಿವೆ. ಅದರಲ್ಲೆಲ್ಲೂ ಚಾರುಲತಾ ಅವರ ಹೆಸರಿಲ್ಲ. ಹಾಕಿಕೊಳ್ಳಬಹುದಿತ್ತಲ್ಲ ಎಂದರೆ, “ಹೊಳೀಲೇ ಇಲ್ಲ ನೋಡ್ರಿ,” ಎಂದು ಅವರೇ ಸೋಜಿಗಪಡುತ್ತಾರೆ. ಮೂರು ವರ್ಷಗಳಲ್ಲಿ ತಪ್ಪು ಅರ್ಥ ಹೊತ್ತ ಹಾಳೆ ಇನ್ನೊಂದು ಕೆಳಗಿಳಿದಿಲ್ಲ. ಈ ಮಾತು ಹೇಳುವಾಗ ಮಾತ್ರ ಅವರು ಮೇಜಿನ ಮರವನ್ನು ಮೆಲ್ಲಗೆ ಮುಟ್ಟುತ್ತಾರೆ.

ಸಂಜೆ ಮಾನಕಾಪುರದ ಮನೆಯಲ್ಲಿ ತಾಯಿ ಅನಸೂಯಾಬಾಯಿ ಬಿಸಿ ಭಕ್ರಿ ತಟ್ಟುತ್ತಿರುತ್ತಾರೆ. ಮಗಳು ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಪ್ರಶ್ನೆ ಬರುತ್ತದೆ. “ಎಲ್ಲಾರೂ ಮ್ಯಾಲೆ ಬಂದ್ರೇನ ಇವತ್ತ?”

“ಬಂದ್ರವ್ವಾ. ಎಲ್ಲಾರೂ ಬಂದ್ರು.”

“ಹಂಗಾರ ಕೈಕಾಲು ತೊಳಕೊಂಡು ಬಾ.”

ನಾಗಪುರದ ಮುಖ್ಯ ಕಚೇರಿಗೆ ವರ್ಗ ಕೇಳಿದರೆ ಸಿಗುತ್ತದೆ. ಮನೆಗೆ ಹತ್ತಿರ, ಹಗಲು ಹೊತ್ತಿನ ಕೆಲಸ. ಚಾರುಲತಾ ಕೇಳಿಲ್ಲ. ಅವರಿಗಿರುವ ಆಸೆಯೇ ಬೇರೆ. ಹದಿನಾಲ್ಕು ವರ್ಷ ಗಣಿಯಲ್ಲಿ ದುಡಿದ ಅವರು ಒಮ್ಮೆಯೂ ಗಣಿಯೊಳಗೆ ಇಳಿದಿಲ್ಲ. ಹೆಂಗಸರು ನೆಲದಡಿಯಲ್ಲಿ ಕೆಲಸ ಮಾಡುವಂತಿಲ್ಲ ಎಂದು ಕಾನೂನಿದೆ. ಸುರಂಗಗಳ ಹೆಸರು, ತಿರುವು, ಎಲ್ಲಿ ನೀರು ಜಿನುಗುತ್ತದೆ, ಎಲ್ಲಿ ಗಾಳಿ ಕಡಿಮೆ ಎಲ್ಲವೂ ಅವರ ಬೆರಳ ತುದಿಯಲ್ಲಿವೆ. ಕಣ್ಣಿಗೆ ಮಾತ್ರ ಒಂದೂ ಬಿದ್ದಿಲ್ಲ.

“ಕೆಲಸಕ್ಕಲ್ರಿ, ಬರೇ ನೋಡ್ಲಿಕ್ಕೆ,” ಎನ್ನುತ್ತಾರೆ. “ಒಂದು ರವಿವಾರ, ಕೆಲಸ ಬಂದ್ ಇದ್ದಾಗ. ಗೋವಿಂದ್‌ಭಾವು ಕರ್ಕೊಂಡು ಹೋಗ್ತೀನಿ ಅಂದಾರ. ಬೋಂದ್ರೆ ಸಾಹೇಬ್ರು ಪರವಾನಗಿ ಕೇಳಿ ಮ್ಯಾಲೆ ಬರದಾರ. ಇನ್ನೂ ಜವಾಬು ಬಂದಿಲ್ಲ.”

ಬರುವ ನಂಬಿಕೆ ಇದೆಯೇ ಎಂದರೆ ಅವರು ಮಫ್ಲರ್ ಸರಿಪಡಿಸಿಕೊಂಡು ನಗುತ್ತಾರೆ.

“ನನ್ನ ಕಾಲಿನ ಅಳತಿ ಕೇಳ್ಯಾರ್ರಿ, ಗಮ್‌ಬೂಟಿಗೆ. ಇಷ್ಟು ಮಟ್ಟಿಗಂತೂ ಮಾತು ಮುಂದ ಹೋಗ್ಯದ.”